ಉರೀತಿರೋದು ಯಾವ್ದು?

ಸೋಮವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೂತಿದೆ. "ಸಾರ್, ಇಲ್ಲಿ ಉರೀತಿರೋದು ಯಾವ್ದು?"

ನಾನು ಒಂದು ಕ್ಷಣ ಕೂಡ ಯೋಚಿಸಲಿಲ್ಲ. "ಗ್ಯಾಸು" ಅಂದೆ. ಕೇಳಿದವರು ನಗಲಿಲ್ಲ. ನಕ್ಕಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ.

ಇಷ್ಟು ವರ್ಷ ನಮ್ಮ ಶೆಡ್‌ನಲ್ಲಿ ಎಲ್ಲ ಗ್ರೈಂಡರ್‌ನಲ್ಲೇ ನಡೆಯುತ್ತಿತ್ತು. ಆಂಗಲ್, ಪಟ್ಟಿ, ಪೈಪು. ಹೋದ ತಿಂಗಳು 20 ಎಂಎಂ ಪ್ಲೇಟಿನ ಕೆಲಸ ಬಂತು. ಡಿಸ್ಕ್ ಮೇಲೆ ಡಿಸ್ಕ್ ಸವೆದವು, ಪ್ಲೇಟು ಮಾತ್ರ ಹಾಗೇ ಇತ್ತು. ಗ್ಯಾಸ್ ಕಟಿಂಗ್ ಸೆಟ್ ತರಲೇಬೇಕಾಯಿತು.

ತರುವ ಮೊದಲು ಹದಿನೈದು ದಿನ ಬರೀ ಲೆಕ್ಕಾಚಾರ. ಅಸಿಟಿಲೀನೋ, ಎಲ್‌ಪಿಜಿಯೋ? ಆಕ್ಸಿಜನ್ ಜೊತೆ ಅಸಿಟಿಲೀನ್ ಜ್ವಾಲೆ 3100 ಡಿಗ್ರಿ ಮುಟ್ಟುತ್ತದೆ, ಎಲ್‌ಪಿಜಿಯಲ್ಲಿರುವ ಪ್ರೊಪೇನಿನ ಜ್ವಾಲೆ 2800ರ ಆಸುಪಾಸು. "ಭಾವ, ಬಿಸಿ ಜಾಸ್ತಿ ಇದ್ದಷ್ಟೂ ಕಟಿಂಗ್ ಸ್ಪೀಡು, ಸಿಂಪಲ್" ಅಂದ ನನ್ನ ಭಾವಮೈದ. ಅವನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಇದೆ. ಅರ್ಧ ಸಲ ಅದು ಸರಿಯೂ ಇರುತ್ತದೆ, ತೊಂದರೆ ಅದೇ. ಕೊನೆಗೆ ನಾನು ಎಲ್‌ಪಿಜಿಗೆ ಹೋದೆ. ಅಸಿಟಿಲೀನ್ ಸ್ವಲ್ಪ ಮುನಿಸಿನ ಗ್ಯಾಸು. ಸಿಲಿಂಡರ್ ಒಳಗೆ ಅದು ಅಸಿಟೋನಿನಲ್ಲಿ ಕರಗಿಕೊಂಡಿರುತ್ತದೆ, ಹಾಗಾಗಿ ನಿಲ್ಲಿಸಿಯೇ ಬಳಸಬೇಕು. ಹೊರಗೆ ಬಂದ ಮೇಲೆ ಒತ್ತಡ 1 ಬಾರ್ ದಾಟಿಸುವ ಹಾಗಿಲ್ಲ, ದಾಟಿಸಿದರೆ ತಾನಾಗಿಯೇ ಸಿಡಿಯಬಹುದು. ಎಲ್‌ಪಿಜಿಗೆ ಈ ಒತ್ತಡದ ರಗಳೆ ಇಲ್ಲ. ಆದರೆ ಅದು ಆಕ್ಸಿಜನ್ ಕುಡಿಯುತ್ತದೆ. ಜ್ವಾಲೆಗೆ ಒಂದು ಪಾಲು ಪ್ರೊಪೇನ್ ಇದ್ದರೆ ನಾಲ್ಕು ಪಾಲಿನಷ್ಟು ಆಕ್ಸಿಜನ್ ಬೇಕು.

ಟಾರ್ಚು ಉದ್ದದ್ದು ತಂದೆ. ಕೈಗೆ ಬಿಸಿ ತಾಗುವುದಿಲ್ಲ ಅಂತ. ಉದ್ದ ಜಾಸ್ತಿಯಾದಷ್ಟೂ ಕೈಯ ಸಣ್ಣ ನಡುಕ ತುದಿಯಲ್ಲಿ ದೊಡ್ಡದಾಗುತ್ತದೆ ಅನ್ನುವುದು ಹಿಡಿದ ಮೇಲೆ ಗೊತ್ತಾಯಿತು. ಇನ್ನು ನಾಝಲ್. ಅಂಗಡಿಯವನು "ಎಲ್ಲದಕ್ಕೂ ಇದೇ ಸಾರ್" ಅಂತ ಒಂದನ್ನು ಕೈಗಿಟ್ಟ. ಮನೆಗೆ ತಂದು ಹಚ್ಚಿದರೆ ಜ್ವಾಲೆ ನಾಝಲ್‌ನ ಬಾಯಲ್ಲಿ ನಿಲ್ಲಲೇ ಇಲ್ಲ. ಬುಸ್ ಅಂತ ಹಾರಿ ಆರಿಹೋಗುತ್ತಿತ್ತು. ಗ್ಯಾಸ್ ಕಡಿಮೆ ಮಾಡಿ ಹೇಗೋ ನಿಲ್ಲಿಸಿದರೆ ಪ್ಲೇಟು ಕಾಯಲಿಲ್ಲ. ಕಾಯಲಿಲ್ಲ ಅಂತ ಗ್ಯಾಸ್ ಜಾಸ್ತಿ ಮಾಡಿದೆ, ಮತ್ತೆ ಹಾರಿತು. ಎರಡು ದಿನ ಗುದ್ದಾಡಿ ಅರ್ಧ ಅಡಿ ಕಟ್ ಮಾಡಿದೆ. ಕಟ್ ಅನ್ನಬಾರದು ಅದನ್ನು. ಮೇಲಿನ ಅಂಚು ಕರಗಿ ಉರುಟಾಗಿತ್ತು, ಕೆಳಗೆ ಸ್ಲ್ಯಾಗ್, ಅಂದರೆ ಕರಗಿದ ಕಿಟ್ಟ, ಗಡ್ಡದ ಹಾಗೆ ನೇತಾಡುತ್ತಿತ್ತು, ನಡುವೆ ಎರಡು ಕಡೆ ಪ್ಲೇಟು ಮತ್ತೆ ಅಂಟಿಕೊಂಡಿತ್ತು.

ಆಗ ಒಬ್ಬ ಹಿರಿಯರನ್ನು ಕರೆಸಿದೆ. ಹಳೇ ಕಾರ್ಖಾನೆಗಳ ಶೆಡ್ಡು, ಟ್ಯಾಂಕು ಬಿಚ್ಚುವ ಕೆಲಸದಲ್ಲೇ ವಯಸ್ಸು ಕಳೆದವರು. ಎಡಗೈ ಮೇಲೆ ಕಿಡಿ ಬಿದ್ದ ಬಿಳಿ ಚುಕ್ಕೆಗಳು, ಎಳ್ಳು ಚೆಲ್ಲಿದ ಹಾಗೆ. ಬಂದವರು ನನ್ನ ಕಟ್ ನೋಡಲಿಲ್ಲ. ಮೊದಲು ಪೈಪುಗಳನ್ನು ನೋಡಿ "ಫ್ಲಾಶ್‌ಬ್ಯಾಕ್ ಅರೆಸ್ಟರ್ ಎಲ್ಲಿ?" ಅಂದರು. ಇರಲಿಲ್ಲ. ಬೆಂಕಿ ಪೈಪಿನೊಳಗೆ ಹಿಂದಕ್ಕೆ ಓಡಿದರೆ ತಡೆಯುವ ಸಾಮಾನು ಅದು. ಅಂಗಡಿಯವನು ಕೊಡಲಿಲ್ಲ, ನಾನು ಕೇಳಲಿಲ್ಲ. "ಅದು ಬರೋ ತನಕ ನಾನು ಹಚ್ಚಲ್ಲ" ಅಂತ ಕೂತುಬಿಟ್ಟರು. ಭಾವಮೈದನನ್ನೇ ಓಡಿಸಿದೆ. ನಾಝಲ್ ಕೂಡ ಬದಲಾಯಿಸಿ ತರಲು ಹೇಳಿದರು. ಎಲ್‌ಪಿಜಿಯದ್ದು ಎರಡು ತುಂಡಿನದು, ಒಳಗಿನ ತುಂಡು ಒಂಚೂರು ಒಳಕ್ಕೆ ಕೂತಿರುತ್ತದೆ. ಆ ಗೂಡಿನಲ್ಲಿ ಜ್ವಾಲೆ ನೆಲೆ ನಿಲ್ಲುತ್ತದೆ. ನನ್ನ ಹತ್ತಿರ ಇದ್ದದ್ದು ಮುಖ ಚಪ್ಪಟೆಯಾಗಿದ್ದ ಅಸಿಟಿಲೀನ್ ನಾಝಲ್.

ಅವನು ವಾಪಸ್ ಬಂದು ತಾನೇ ಜೋಡಿಸಲು ಕೂತ. ಗ್ಯಾಸ್ ಕಡೆಯ ಥ್ರೆಡ್ ಉಲ್ಟಾ ಇರುತ್ತದೆ ಅಂತ ಅವನಿಗೆ ಗೊತ್ತಿತ್ತು, ಎರಡು ಸಲ ಹೇಳಿದ ಕೂಡ. ಆಕ್ಸಿಜನ್ ರೆಗ್ಯುಲೇಟರಿನ ನಟ್ ಸ್ವಲ್ಪ ಬಿಗಿ ಇತ್ತು. ಎಣ್ಣೆ ಡಬ್ಬಿಗೆ ಕೈ ಹಾಕಿದ. ಆ ಮನುಷ್ಯ ಅಷ್ಟು ಬೇಗ ಏಳಬಲ್ಲರು ಅಂತ ನನಗೆ ಗೊತ್ತಿರಲಿಲ್ಲ. ಮಣಿಕಟ್ಟು ಹಿಡಿದೇಬಿಟ್ಟರು.

"ಆಕ್ಸಿಜನ್ ಹತ್ರ ಎಣ್ಣೆ ತರಬಾರದು ಕಣಪ್ಪಾ. ಅದಕ್ಕೆ ಬೆಂಕಿಪೊಟ್ಟಣ ಬೇಕಾಗಲ್ಲ."

ತುಂಬಿದ ಸಿಲಿಂಡರಿನಲ್ಲಿ 150 ಬಾರ್ ಒತ್ತಡ. ವಾಲ್ವ್ ತೆಗೆದಾಗ ಆಕ್ಸಿಜನ್ ನುಗ್ಗಿ ಎಣ್ಣೆಗೆ ಬಡಿದರೆ ತಾನೇ ಹೊತ್ತಿಕೊಳ್ಳುತ್ತದೆ. ಭಾವಮೈದ ಅದಾದ ಮೇಲೆ ಒಂದು ಗಂಟೆ ಮಾತಾಡಲಿಲ್ಲ. ನನಗೆ ನೆನಪಿರುವ ಹಾಗೆ ಇದು ಮೊದಲು.

ಸೋಪು ನೀರು ಹಚ್ಚಿ ಲೀಕ್ ನೋಡಿದರು. ಟಾರ್ಚು ಹಚ್ಚಿದರು. ಜ್ವಾಲೆ ನನ್ನದರ ಅರ್ಧವೂ ಇರಲಿಲ್ಲ. ನೀಲಿ, ಚಿಕ್ಕದು, ಸದ್ದಿಲ್ಲ. "ಇದು ಸಾಕಾಗುತ್ತಾ ಅಣ್ಣಾ?" ಅಂದೆ. ಉತ್ತರ ಇಲ್ಲ. ಪ್ಲೇಟಿನ ಅಂಚಿನಲ್ಲಿ ಹಿಡಿದು ಕಾದರು. ಕಪ್ಪು ಹೋಗಿ ಮಂಕು ಕೆಂಪು ಬಂತು, ಆಮೇಲೆ ಹೊಳೆಯುವ ಕೆಂಪು. ಹೆಬ್ಬೆರಳಲ್ಲಿ, ಕಟಿಂಗಿನ ಆಕ್ಸಿಜನ್ ಬಿಡುವ ಲಿವರ್ ಒತ್ತಿದರು. ಕಿಡಿಗಳು ನೇರ ಕೆಳಗೆ ಸುರಿದವು. ಹೊಸ ಬಟ್ಟೆ ಹರಿದ ಹಾಗೆ ಒಂದೇ ಸಮನೆ ಸದ್ದು. ಒಂದು ಗೇಣು ಹೋದ ಮೇಲೆ, ಟಾರ್ಚಿನಿಂದ ಕಣ್ಣೆತ್ತದೇ ಕೇಳಿದರು.

"ಸಾರ್, ಇಲ್ಲಿ ಉರೀತಿರೋದು ಯಾವ್ದು?"

"ಗ್ಯಾಸು."

ಎಡಗೈಯಿಂದ ಗ್ಯಾಸಿನ ವಾಲ್ವ್ ತಿರುಗಿಸಿ ಪೂರ್ತಿ ಮುಚ್ಚಿದರು.

ನೀಲಿ ಜ್ವಾಲೆ ಮಾಯವಾಯಿತು. ನಾಝಲ್ ತುದಿ ಬರಿದಾಗಿತ್ತು. ಅಲ್ಲಿಂದ ಬರುತ್ತಿದ್ದದ್ದು ಬರೀ ತಣ್ಣನೆಯ ಆಕ್ಸಿಜನ್. ಆದರೆ ಕಟ್ ನಿಲ್ಲಲಿಲ್ಲ. ಕಿಡಿ ಹಾಗೇ ಸುರಿಯುತ್ತಿತ್ತು, ಸದ್ದು ಹಾಗೇ ಇತ್ತು, 20 ಎಂಎಂ ಪ್ಲೇಟು ಹಾಗೇ ಸೀಳುತ್ತಾ ಹೋಯಿತು. ಇನ್ನೊಂದು ಗೇಣು. ಆಮೇಲೆ ಲಿವರ್ ಬಿಟ್ಟರು.

"ಕಬ್ಬಿಣ ಸಾರ್" ಅಂದರು. ಅಷ್ಟೇ.

ರಾತ್ರಿ ಮಲಗಿದಾಗ ಅದೇ ಕಣ್ಣ ಮುಂದೆ. ಬೆಂಕಿಯಿಲ್ಲದ ನಾಝಲ್, ಅದರ ಕೆಳಗೆ ಸೌದೆಯ ಹಾಗೆ ಉರಿಯುವ ಕಬ್ಬಿಣ. ವಿಷಯ ನಾನು ಓದಿರಲಿಲ್ಲ ಅಂತಲ್ಲ. 900 ಡಿಗ್ರಿಯ ಹತ್ತಿರ ಕಾದ ಕಬ್ಬಿಣ ಶುದ್ಧ ಆಕ್ಸಿಜನ್‌ನಲ್ಲಿ ಹೊತ್ತಿಕೊಳ್ಳುತ್ತದೆ. ಉರಿದಾಗ ಬರುವ ಆಕ್ಸೈಡ್ 1370 ಡಿಗ್ರಿಗೇ ಕರಗುತ್ತದೆ, ಉಕ್ಕು ಕರಗಲು ಸುಮಾರು 1500 ಬೇಕು. ಹಾಗಾಗಿ ಸುಟ್ಟದ್ದು ನೀರಾಗಿ ಜಾರುತ್ತದೆ, ಉಳಿದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಸ್ಟೇನ್‌ಲೆಸ್ ಈ ಟಾರ್ಚಿಗೆ ಬಗ್ಗದಿರುವುದೂ ಇದಕ್ಕೇ. ಅದರ ಕ್ರೋಮಿಯಂ ಆಕ್ಸೈಡ್ 2000 ಡಿಗ್ರಿ ದಾಟಿದರೂ ಕರಗದೆ ಮುಚ್ಚಳದ ಹಾಗೆ ಕೂರುತ್ತದೆ. ಎಲ್ಲ ಓದಿದ್ದೆ. ಓದಿಯೂ ಹದಿನೈದು ದಿನ 3100 ದೊಡ್ಡದೋ 2800 ದೊಡ್ಡದೋ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಕಟ್ ಆಗದಿದ್ದಾಗೆಲ್ಲ ಜ್ವಾಲೆ ದೊಡ್ಡದು ಮಾಡಿದೆ. ಕಾಯಿಸಿದ್ದಕ್ಕಿಂತ ಕಾದು ನಿಂತದ್ದು ಕಡಿಮೆ. ಮಗ ಓದದಿದ್ದಾಗ ನಾನು ದನಿ ಏರಿಸುವುದೂ ಹೀಗೇ ಇರಬೇಕು. ಅದರ ಬಗ್ಗೆ ಹೆಂಡತಿಗೆ ಬೇರೆ ಅಭಿಪ್ರಾಯಗಳಿವೆ, ಇಲ್ಲಿ ಬೇಡ.

ಅವರು ಹೋಗುವ ಮೊದಲು ಒಂದು ಮಾತು ಸೇರಿಸಿದ್ದರು. ವಾಲ್ವ್ ಮುಚ್ಚುವುದು ಸುಮ್ನೆ ತೋರಿಸಲಿಕ್ಕೆ, ದಿನದ ಕೆಲಸಕ್ಕಲ್ಲ. ಪ್ಲೇಟು ಶುದ್ಧ ಇರಬೇಕು, ಕೈ ಒಂದೇ ವೇಗದಲ್ಲಿ ಹೋಗಬೇಕು.

ನಿನ್ನೆ ಭಾವಮೈದ ಬಂದ. ಐದನೇ ಶೇಡಿನ ಕಪ್ಪು ಕನ್ನಡಕ ಅವನಿಗೂ ಒಂದು ಕೊಟ್ಟೆ. ಪ್ಲೇಟಿನ ಅಂಚು ಕಾಯಿಸಿದೆ, ಲಿವರ್ ಒತ್ತಿದೆ, ಚೆನ್ನಾಗಿಯೇ ಸಾಗಿತು. ಗಂಟಲು ಸರಿ ಮಾಡಿಕೊಂಡು ಕೇಳಿದೆ.

"ಇಲ್ಲಿ ಉರೀತಿರೋದು ಯಾವ್ದು ಹೇಳು?"

"ಗ್ಯಾಸು ಭಾವ, ಇನ್ನೇನು?"

ವಾಲ್ವ್ ಮುಚ್ಚಿದೆ. ಜ್ವಾಲೆ ಹೋಯಿತು. ಕಟ್ ಒಂದು ಬೆರಳಗಲ ಮುಂದೆ ಹೋಗಿ ಅಲ್ಲೇ ಸತ್ತಿತು. ಪ್ಲೇಟಿನ ತುಕ್ಕು ಉಜ್ಜಿ ತೆಗೆಯುವುದನ್ನೇ ಮರೆತಿದ್ದೆ.

ಅವನು ಕನ್ನಡಕ ಹಣೆಗೇರಿಸಿ ಪ್ಲೇಟು ನೋಡಿದ, ನನ್ನನ್ನು ನೋಡಿದ.

"ನೋಡು ಮತ್ತೆ" ಅಂದ. "ಗ್ಯಾಸೇ."