ಕಾದ ಬಂಡೆ, ಕಾದ ಪಟ್ಟಿ

ಇವತ್ತು ಮಧ್ಯಾಹ್ನ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಸುಮ್ನೆ ಪಕ್ಕದ ಬಂಡೆ ಮೇಲೆ ಕೈ ಇಟ್ಟೆ. ಚುರ್ ಅಂತು! ಮೇಲಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಕಲ್ಲಿನೊಳಗೆ ಶಾಖ ಬೇಗ ಇಳಿಯುವುದಿಲ್ಲ. ಹೊರಗೆ ಹಿಗ್ಗುತ್ತದೆ, ಒಳಗೆ ತಣ್ಣಗೇ ಇರುತ್ತದೆ. ಆ ಎಳೆದಾಟದಲ್ಲಿ ಬಿರುಕು ಬೆಳೆಯುತ್ತದೆ.

ಮಂಡ್ಯದ ಅಜ್ಜಿ ಊರು ನೆನಪಾಯ್ತು. ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ದಿನ. ಬೆರಣಿ ಬೆಂಕಿಯಲ್ಲಿ ಪಟ್ಟಿ ಕೆಂಪಗೆ ಕಾಯುತ್ತಿತ್ತು. ಒಂದು ಮೀಟರ್ ಕಬ್ಬಿಣ 100 ಡಿಗ್ರಿ ಜಾಸ್ತಿ ಕಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಿದ ಪಟ್ಟಿ ಚಕ್ರಕ್ಕೆ ಸಲೀಸಾಗಿ ಕೂರುತ್ತಿತ್ತು. ನೀರು ಸುರಿದರೆ ಚೊಂಯ್ ಅಂತ ಕುಗ್ಗಿ, ಮರವನ್ನು ಅಪ್ಪಿ ಹಿಡಿದುಬಿಡುತ್ತಿತ್ತು. ಎಂಥಾ ಕೆಲಸ ಅಲ್ವಾ!

ಮನೆಗೆ ಬಂದು ತಾರಸಿಯ ಹಳೇ ಪ್ಲಾಸ್ಟಿಕ್ ಬಕೆಟ್ ಎತ್ತಿದೆ. ಹಿಡಿ ಕೈಯಲ್ಲೇ ಮುರಿದು ಬಂತು. ಅದಕ್ಕೆ ಶಾಖದ ಜೊತೆ ಬಿಸಿಲಿನ ಅತಿನೇರಳೆ ಕಿರಣದ ಪೆಟ್ಟೂ ಇದೆ.