ವಿಜ್ಞಾನ ಉಪಕರಣಗಳ ಅನುದಾನ: ಎರಡನೆಯ ವರ್ಷದ ಕಾಲಂ ಏಕೆ ಮುಖ್ಯ

ಸರ್ಕಾರಿ ಶಾಲೆಗಳ ವಿಜ್ಞಾನ ಮತ್ತು ಗಣಿತ ಕಲಿಕೆಗೆ ಹಣ ಒದಗಿಸುವ ಸಂಸ್ಥೆಯೊಂದರಲ್ಲಿ ಅನುದಾನದ ಅರ್ಜಿಗಳನ್ನು ಪರಿಶೀಲಿಸುವುದು, ಹಣ ಬಿಡುಗಡೆಯಾದ ಮೇಲೆ ಶಾಲೆಗಳಿಗೆ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಅರ್ಜಿ ಮೇಜಿಗೆ ಬಂದಾಗ ಎಲ್ಲರ ಕಣ್ಣು ಮೊದಲು ಒಟ್ಟು ಮೊತ್ತದ ಮೇಲೆ, ಆಮೇಲೆ ಖರೀದಿ ಪಟ್ಟಿಯ ಮೇಲೆ ಬೀಳುತ್ತದೆ. ನಾನು ಮೊದಲು ನೋಡುವುದು ಎರಡನೆಯ ವರ್ಷದ ಖರ್ಚಿನ ಕಾಲಂ. ಬಹುತೇಕ ಅರ್ಜಿಗಳಲ್ಲಿ ಅದು ಖಾಲಿ ಇರುತ್ತದೆ, ಇಲ್ಲವೇ ‘ನಿರ್ವಹಣೆ’ ಎಂಬ ಒಂದೇ ಪದದ ಮುಂದೆ ಸಣ್ಣ ಮೊತ್ತವೊಂದು ಇರುತ್ತದೆ. ಶಾಲೆಗೆ ಬಂದ ಸಾಮಗ್ರಿ ಮಕ್ಕಳ ಕೈಗೆ ತಲುಪುತ್ತದೆಯೇ ಇಲ್ಲವೇ ಎಂಬುದು ಮೊದಲ ವರ್ಷದ ಖರೀದಿಗಿಂತ ಹೆಚ್ಚಾಗಿ ಈ ಕಾಲಂನಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಅದಕ್ಕೆ ಕಾರಣಗಳನ್ನು ಬಿಡಿಸಿ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಉಪಕರಣಗಳು ಬೀರುವಿನಲ್ಲೇ ಉಳಿದುಬಿಡುವುದನ್ನು ಕಂಡವರು ಸಾಮಾನ್ಯವಾಗಿ ಶಿಕ್ಷಕರ ಉದಾಸೀನವನ್ನು ದೂರುತ್ತಾರೆ. ಆದರೆ ಬೀರುವಿನ ಪಕ್ಕದಲ್ಲಿರುವ ದಾಸ್ತಾನು ಪುಸ್ತಕವನ್ನು ತೆರೆದು ನೋಡಿದರೆ ಬೇರೆಯೇ ಕಾರಣ ಕಾಣಿಸುತ್ತದೆ. ಪ್ರತಿ ಬೀಕರ್, ಪ್ರತಿ ಪ್ರನಾಳ, ವಿದ್ಯುತ್ ಪ್ರವಾಹ ಅಳೆಯುವ ಪ್ರತಿ ಅಮ್ಮೀಟರ್ ಅಲ್ಲಿ ಕ್ರಮಸಂಖ್ಯೆಯೊಂದಿಗೆ ದಾಖಲಾಗಿರುತ್ತದೆ, ಮತ್ತು ಅದರ ಹೊಣೆ ಒಬ್ಬ ಶಿಕ್ಷಕರ ಹೆಸರಿನಲ್ಲಿರುತ್ತದೆ. ಮಗುವಿನ ಕೈಯಿಂದ ಜಾರಿ ಒಡೆದ ಗಾಜಿನ ಸಾಮಾನಿಗೆ ಲೆಕ್ಕ ತಪಾಸಣೆಯ ಸಮಯದಲ್ಲಿ ಉತ್ತರ ಹೇಳಬೇಕಾದವರು ಅವರೇ. ವರ್ಗಾವಣೆಯಾದಾಗ ಪಟ್ಟಿಯಲ್ಲಿರುವುದನ್ನೆಲ್ಲ ಎಣಿಸಿ ಒಪ್ಪಿಸಿ ಹೋಗಬೇಕಾದವರೂ ಅವರೇ. ಬಳಸಿದರೆ ಒಡೆಯುವ ಸಾಧ್ಯತೆಯಿದೆ, ಬಳಸದಿದ್ದರೆ ಯಾರೂ ಕೇಳುವುದಿಲ್ಲ ಎಂಬ ವ್ಯವಸ್ಥೆಯಲ್ಲಿ ಬೀಗ ಹಾಕುವುದು ವಿವೇಕದ ನಡೆಯೇ ಆಗುತ್ತದೆ. ಆದ್ದರಿಂದ ನಾವು ಅನುದಾನದ ಷರತ್ತುಗಳಲ್ಲಿ ಒಡೆದು ಹೋಗುವ ಮತ್ತು ಮುಗಿದು ಹೋಗುವ ಸಾಮಗ್ರಿಗೆಂದು ಪ್ರತ್ಯೇಕ ಬಾಬತ್ತು ಇಟ್ಟೆವು. ವರ್ಷದ ಮಿತಿಯೊಳಗೆ ಒಡೆದದ್ದನ್ನು ಶಿಕ್ಷಕರ ಸಹಿಯೊಂದಿಗೆ ಪಟ್ಟಿಯಿಂದ ತೆಗೆಯಬಹುದು ಎಂದು ಸ್ಪಷ್ಟವಾಗಿ ಬರೆದೆವು. ಉಪಕರಣಗಳ ಹೊಸ ಪಟ್ಟಿಗಿಂತ ಈ ಒಂದು ವಾಕ್ಯವೇ ಬೀರುಗಳನ್ನು ತೆರೆಸಿದ್ದನ್ನು ನಾನು ನೋಡಿದ್ದೇನೆ.

ಹಾಗೆಂದು ಬೀರು ತೆರೆದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಎರಡು ತುಂಡು ತಂತಿ ಇಷ್ಟೇ ಬೇಕಾಗುವ ವಿದ್ಯುತ್ ಮಂಡಲದ ಪಾಠವನ್ನೇ ತೆಗೆದುಕೊಳ್ಳೋಣ. ಸೆಲ್ಲಿನಿಂದ ಹೊರಟ ವಿದ್ಯುತ್ತಿನಲ್ಲಿ ಒಂದಷ್ಟನ್ನು ಬಲ್ಬ್ ‘ತಿಂದು’ಬಿಡುತ್ತದೆ, ಉಳಿದದ್ದು ಮಾತ್ರ ವಾಪಸು ಬರುತ್ತದೆ ಎಂದು ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಇನ್ನು ಕೆಲವರು ಒಂದೇ ತಂತಿ ಸಾಕು ಎನ್ನುತ್ತಾರೆ, ಮತ್ತೆ ಕೆಲವರು ಎರಡೂ ತುದಿಗಳಿಂದ ವಿದ್ಯುತ್ತು ಹೊರಟು ಬಲ್ಬಿನಲ್ಲಿ ಢಿಕ್ಕಿ ಹೊಡೆಯುವುದರಿಂದ ಬೆಳಕು ಬರುತ್ತದೆ ಎನ್ನುತ್ತಾರೆ. 1980ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನಲ್ಲಿ ರೋಜರ್ ಆಸ್ಬೋರ್ನ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳೊಂದಿಗೆ ಮಾತನಾಡಿ ದಾಖಲಿಸಿದ ಇವೇ ಕಲ್ಪನೆಗಳು ಆಮೇಲೆ ಬೇರೆ ಬೇರೆ ದೇಶಗಳ ತರಗತಿಗಳಲ್ಲಿಯೂ ಕಂಡುಬಂದವು. ‘ಮಂಡಲ ಪೂರ್ಣಗೊಂಡಾಗ ಮಾತ್ರ ವಿದ್ಯುತ್ ಹರಿಯುತ್ತದೆ’ ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದುಕೊಟ್ಟರೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಆದರೆ ಒಳಗಿನ ನಂಬಿಕೆ ಇದ್ದಲ್ಲೇ ಇರುತ್ತದೆ. ಅದು ಅಲುಗಾಡುವುದು ಬಲ್ಬಿನ ಮೊದಲು ಮತ್ತು ನಂತರ ಎರಡೂ ಕಡೆ ಅಮ್ಮೀಟರ್ ಇಟ್ಟಾಗ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಮಕ್ಕಳೇ ಮೊದಲು ಊಹಿಸಿ, ಬರೆದಿಟ್ಟು, ಆಮೇಲೆ ಎರಡೂ ಕಡೆ ಮುಳ್ಳು ಒಂದೇ ಅಳತೆ ತೋರಿಸುವುದನ್ನು ನೋಡಿದಾಗ.

ಈ ಊಹೆಗೆ, ವಾದಕ್ಕೆ, ಮತ್ತೊಮ್ಮೆ ಜೋಡಿಸಿ ನೋಡುವುದಕ್ಕೆ ಎರಡು ಅವಧಿ ಬೇಕು. ವೇಳಾಪಟ್ಟಿಯಲ್ಲಿ ಇರುವುದು ಒಂದು. ಗುಂಪುಗಳಿಗೆ ಸಾಮಗ್ರಿ ಹಂಚಿ, ಕೊನೆಗೆ ಎಣಿಸಿ ವಾಪಸು ತೆಗೆದುಕೊಳ್ಳುವುದರಲ್ಲೇ ಆ ಒಂದು ಅವಧಿಯ ದೊಡ್ಡ ಪಾಲು ಕಳೆಯುತ್ತದೆ. ಸೆಲ್ಲುಗಳು ಬೇಗ ಮುಗಿಯುತ್ತವೆ, ಬಲ್ಬುಗಳು ಸುಟ್ಟುಹೋಗುತ್ತವೆ. ಇವು ಅತಿ ಅಗ್ಗದ ವಸ್ತುಗಳು, ಆದರೆ ಅಗ್ಗದ ವಸ್ತುವನ್ನು ಮತ್ತೆ ಮತ್ತೆ ಕೊಳ್ಳಲು ಹಣ ಒದಗಿಸುವ ಅನುದಾನ ಅಪರೂಪ. ದುಬಾರಿ ವಸ್ತುವನ್ನು ಒಮ್ಮೆ ಕೊಳ್ಳಲು ಹಣ ಸಿಗುತ್ತದೆ, ಏಕೆಂದರೆ ಅದರ ಛಾಯಾಚಿತ್ರ ತೆಗೆಯಬಹುದು ಮತ್ತು ಹಣ ಖರ್ಚಾದ ಬಗ್ಗೆ ಬಳಕೆ ಪ್ರಮಾಣಪತ್ರವನ್ನು ಹಣಕಾಸು ವರ್ಷ ಮುಗಿಯುವುದರೊಳಗೆ ಸಲ್ಲಿಸಬಹುದು. ಶಿಕ್ಷಕರು ವಾರಕ್ಕೊಮ್ಮೆ ಜೊತೆಯಾಗಿ ಕುಳಿತು ಮುಂದಿನ ಪಾಠದ ಪ್ರಯೋಗವನ್ನು ತಾವೇ ಮಾಡಿ ನೋಡುವ ಒಂದು ಗಂಟೆಗೆ ಅಂಥ ರಸೀದಿ ಇರುವುದಿಲ್ಲ. ನನ್ನ ಅನುಭವದಲ್ಲಿ ತರಗತಿಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ಆ ಒಂದು ಗಂಟೆ.

ಸಾಮಗ್ರಿಯ ಬಗ್ಗೆ ನಾನು ಹೀಗೆ ಬಿಗಿಯಾಗಿ ಮಾತನಾಡಲು ಸಂಶೋಧನೆಯ ಬೆಂಬಲವೂ ಇದೆ. ಪೌಲ್ ಗ್ಲೆವ್, ಮೈಕೆಲ್ ಕ್ರೆಮರ್ ಮತ್ತು ಅವರ ಸಹೋದ್ಯೋಗಿಗಳು ಕೆನ್ಯಾದ 178 ಶಾಲೆಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಾನು ಹೊಸದಾಗಿ ಸೇರುವ ಸಹೋದ್ಯೋಗಿಗಳಿಗೆ ಮೊದಲು ಓದಲು ಕೊಡುತ್ತೇನೆ. ವಿಜ್ಞಾನ, ಗಣಿತ, ಆರೋಗ್ಯ ಮುಂತಾದ ವಿಷಯಗಳ ಚಿತ್ರಪಟಗಳು (ತರಗತಿಯಲ್ಲಿ ಹಾಳೆ ತಿರುವುತ್ತಾ ತೋರಿಸುವ ದೊಡ್ಡ ಚಿತ್ರಗಳು) ಇದ್ದ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಸುಮ್ಮನೆ ಹೋಲಿಸಿದಾಗ, ಚಿತ್ರಪಟಗಳಿಂದ ಪರೀಕ್ಷೆಯ ಅಂಕಗಳು ಗಮನಾರ್ಹವಾಗಿ ಏರುತ್ತವೆ ಎಂಬಂತೆ ಕಾಣುತ್ತಿತ್ತು. ಆದರೆ ಅರ್ಧದಷ್ಟು ಶಾಲೆಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ ಅವುಗಳಿಗೆ ಚಿತ್ರಪಟ ಕೊಟ್ಟು ಉಳಿದ ಶಾಲೆಗಳೊಂದಿಗೆ ಹೋಲಿಸಿದಾಗ ಅಂಕಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೊದಲ ಹೋಲಿಕೆಯಲ್ಲಿ ಕಂಡ ಏರಿಕೆಯನ್ನು ಚಿತ್ರಪಟದ ಲೆಕ್ಕಕ್ಕೆ ಹಾಕುವಂತಿರಲಿಲ್ಲ. ಚಿತ್ರಪಟ ತರಿಸಿಕೊಳ್ಳುವಷ್ಟು ಚುರುಕಾದ ಶಾಲೆಗಳು ಬೇರೆ ವಿಷಯಗಳಲ್ಲಿಯೂ ಮುಂದಿರುವುದು ಸಹಜ. ನಾವು ಬರೆಯುವ ವರದಿಗಳಲ್ಲಿ ‘ಪ್ರಯೋಗಾಲಯ ಇರುವ ಶಾಲೆಗಳ ಫಲಿತಾಂಶ ಉತ್ತಮವಾಗಿದೆ’ ಎಂಬ ವಾಕ್ಯ ಎಷ್ಟು ಸುಲಭವಾಗಿ ನುಸುಳುತ್ತದೆ ಎಂಬುದನ್ನು ಬಲ್ಲವರಿಗೆ ಈ ಅಧ್ಯಯನದ ಬೆಲೆ ಗೊತ್ತಾಗುತ್ತದೆ.

ಅದೇ ತಂಡ ಪಠ್ಯಪುಸ್ತಕಗಳ ಬಗ್ಗೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಚಿತವಾಗಿ ಕೊಟ್ಟ ಪುಸ್ತಕಗಳಿಂದ ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಪ್ರಯೋಜನವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅನೇಕ ಮಕ್ಕಳಿಗೆ ಅದು ಮೂರನೆಯ ಭಾಷೆಯಾಗಿತ್ತು. ಪೆರುವಿನ 319 ಗ್ರಾಮೀಣ ಶಾಲೆಗಳಲ್ಲಿ ಮಗುವಿಗೊಂದರಂತೆ ಲ್ಯಾಪ್‌ಟಾಪ್ ಕೊಟ್ಟ ಯೋಜನೆಯ ಬಗ್ಗೆ 2012ರಲ್ಲಿ ಬಂದ ಮೌಲ್ಯಮಾಪನವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕ ಏರಿದ್ದಕ್ಕೆ ಪುರಾವೆ ಕಾಣಲಿಲ್ಲ.

ಇಷ್ಟನ್ನೇ ಓದಿ ‘ಶಾಲೆಗೆ ಹಣ ಹಾಕಿ ಪ್ರಯೋಜನವಿಲ್ಲ’ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಅದು ತಪ್ಪು ಮಾತ್ರವಲ್ಲ, ಬಡ ಮಕ್ಕಳಿಗೆ ಹಾನಿ ಮಾಡುವ ತೀರ್ಮಾನ ಎಂದು ನಾನು ಸಭೆಗಳಲ್ಲಿ ಪ್ರತಿ ಬಾರಿಯೂ ಹೇಳುತ್ತೇನೆ. ಅಮೆರಿಕದಲ್ಲಿ ನ್ಯಾಯಾಲಯಗಳ ಆದೇಶದಿಂದ ಶಾಲಾ ಹಣಕಾಸು ಹಂಚಿಕೆ ಬದಲಾದ ಪ್ರದೇಶಗಳ ಮಕ್ಕಳನ್ನು ಅವರು ದೊಡ್ಡವರಾಗುವವರೆಗೆ ಅನುಸರಿಸಿದ ಕಿರಾಬೊ ಜಾಕ್ಸನ್, ರಕರ್ ಜಾನ್ಸನ್ ಮತ್ತು ಕ್ಲಾಡಿಯಾ ಪರ್ಸಿಕೊ ಅವರ 2016ರ ಅಧ್ಯಯನದ ಪ್ರಕಾರ, ಶಾಲೆಯ ಹನ್ನೆರಡೂ ವರ್ಷ ಪ್ರತಿ ವಿದ್ಯಾರ್ಥಿಯ ಮೇಲಿನ ವೆಚ್ಚ ಶೇ. 10ರಷ್ಟು ಹೆಚ್ಚಿದ್ದರೆ ಅಂಥ ಮಕ್ಕಳು ದೊಡ್ಡವರಾದ ಮೇಲೆ ಗಳಿಸುವ ಕೂಲಿ ಸುಮಾರು ಶೇ. 7ರಷ್ಟು ಹೆಚ್ಚಿತ್ತು, ಮತ್ತು ಬಡ ಕುಟುಂಬಗಳಿಂದ ಬಂದವರಲ್ಲಿ ಈ ಲಾಭ ಇನ್ನೂ ಸ್ಪಷ್ಟವಾಗಿತ್ತು. ಆ ಹೆಚ್ಚುವರಿ ಹಣ ಬಂದ ಕಡೆ ಶಿಕ್ಷಕರೊಬ್ಬರಿಗೆ ಇರುವ ಮಕ್ಕಳ ಸಂಖ್ಯೆ ಇಳಿದಿತ್ತು, ಶಿಕ್ಷಕರ ಸಂಬಳ ಏರಿತ್ತು, ಶಾಲಾ ವರ್ಷದ ಅವಧಿ ಹೆಚ್ಚಿತ್ತು. ಹನ್ನೆರಡು ವರ್ಷ ಎಂಬುದನ್ನು ಗಮನಿಸಬೇಕು: ಒಮ್ಮೆ ಬಂದು ನಿಂತುಹೋದ ಮೊತ್ತದ ಕಥೆ ಇದಲ್ಲ.

ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಲ್ಲಿ ಆರಂಭವಾದ ‘ಸ್ಟಾರ್’ ಪ್ರಯೋಗದಲ್ಲಿಯೂ ಹಣ ಹೋದದ್ದು ಜನರ ಮೇಲೆ. ನಾಲ್ಕು ವರ್ಷಗಳಲ್ಲಿ ಸುಮಾರು 11,600 ಮಕ್ಕಳು ಅದರಲ್ಲಿ ಸೇರಿದರು. 13ರಿಂದ 17 ಮಕ್ಕಳ ಸಣ್ಣ ತರಗತಿ, 22ರಿಂದ 25 ಮಕ್ಕಳ ಸಾಮಾನ್ಯ ತರಗತಿ, ಸಹಾಯಕರೊಬ್ಬರಿರುವ ಸಾಮಾನ್ಯ ತರಗತಿ ಎಂಬ ಮೂರು ಬಗೆಗಳಲ್ಲಿ ಮಕ್ಕಳನ್ನೂ ಶಿಕ್ಷಕರನ್ನೂ ಯಾದೃಚ್ಛಿಕವಾಗಿ ಹಂಚಲಾಗಿತ್ತು. ಓದು ಮತ್ತು ಗಣಿತ ಎರಡರಲ್ಲಿಯೂ ಸಣ್ಣ ತರಗತಿಯ ಮಕ್ಕಳು ಮುಂದಿದ್ದರು, ಸಹಾಯಕರನ್ನು ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ವಿಜ್ಞಾನದ ಬಗ್ಗೆ ಈ ಪ್ರಯೋಗವನ್ನು ಆಧಾರವಾಗಿ ತೋರಿಸುವಾಗ ನಾನು ಎಚ್ಚರ ವಹಿಸುತ್ತೇನೆ. ಆದರೂ ಐದು ಮಂದಿಯ ಗುಂಪಿನಲ್ಲಿ ತಂತಿ ಹಿಡಿಯುವವರು ಇಬ್ಬರು, ಉಳಿದ ಮೂವರು ನೋಡುವವರು ಎಂಬುದನ್ನು ಪ್ರಯೋಗದ ತರಗತಿಯಲ್ಲಿ ಕುಳಿತ ಯಾರಾದರೂ ಒಪ್ಪುತ್ತಾರೆ.

ಅನುದಾನ ಕೊಡುವವರು ಗಮನಿಸಬೇಕಾದ ಇನ್ನೊಂದು ಅಧ್ಯಯನ ಜಿಷ್ಣು ದಾಸ್ ಮತ್ತು ಅವರ ಸಹೋದ್ಯೋಗಿಗಳದು. ಜಾಂಬಿಯಾ ಮತ್ತು ಆಂಧ್ರಪ್ರದೇಶದ ಶಾಲೆಗಳಿಗೆ ಕೊಟ್ಟ ಅನುದಾನಗಳನ್ನು ಪರಿಶೀಲಿಸಿ 2013ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿದೆ: ಅನುದಾನ ಬರುತ್ತದೆಂದು ಮೊದಲೇ ಗೊತ್ತಿದ್ದಾಗ ಮನೆಯವರು ಮಕ್ಕಳ ಓದಿಗೆ ತಾವು ಮಾಡುತ್ತಿದ್ದ ಖರ್ಚನ್ನು ಕಡಿಮೆ ಮಾಡಿಕೊಂಡರು ಮತ್ತು ಅಂಕಗಳು ಏರಲಿಲ್ಲ, ಅನಿರೀಕ್ಷಿತವಾಗಿ ಬಂದಾಗ ಮಾತ್ರ ಏರಿದವು. ಇದನ್ನು ಓದಿ ಹಣವನ್ನು ಗುಟ್ಟಾಗಿ ಕೊಡಬೇಕೆಂದು ವಾದಿಸಿದವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ನೋಟುಪುಸ್ತಕ, ಪೆನ್ಸಿಲ್‌ಗಳ ಹೊರೆ ಇಳಿದ ಕುಟುಂಬ ಆ ಹಣವನ್ನು ಬೇರೆ ಅಗತ್ಯಕ್ಕೆ ಬಳಸಿದರೆ ಅದೂ ಒಂದು ಉಪಕಾರವೇ. ನಮ್ಮ ಉದ್ದೇಶ ಕಲಿಕೆಯಾಗಿದ್ದರೆ, ಮನೆಯವರು ತಾವೇ ಕೊಳ್ಳಬಲ್ಲ ವಸ್ತುವಿಗಿಂತ ಯಾವ ಮನೆಯೂ ಒಂಟಿಯಾಗಿ ಕೊಳ್ಳಲಾಗದ್ದಕ್ಕೆ, ಅಂದರೆ ಶಿಕ್ಷಕರ ತಯಾರಿಯ ಸಮಯಕ್ಕೆ, ಹೆಚ್ಚುವರಿ ಅವಧಿಗೆ, ಪ್ರಯೋಗ ಸಹಾಯಕರಿಗೆ ಹಣ ಹೋಗಬೇಕು ಎಂಬುದು ನಾನು ಅದರಿಂದ ತೆಗೆದುಕೊಂಡ ಅರ್ಥ.

ಈ ಎಲ್ಲದರ ಪರಿಣಾಮವಾಗಿ ನಾವು ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳು ಬದಲಾಗಿವೆ. ಯಾವ ಪಾಠಕ್ಕೆ ಯಾವ ಸಾಮಗ್ರಿ, ಅದನ್ನು ಯಾವ ತಿಂಗಳಲ್ಲಿ ಬಳಸುತ್ತೀರಿ, ಆ ದಿನ ವೇಳಾಪಟ್ಟಿಯಲ್ಲಿ ಜೋಡಿ ಅವಧಿ ಇದೆಯೇ, ಮುಗಿದು ಹೋದದ್ದನ್ನು ಯಾರು ಕೊಂಡು ತರುತ್ತಾರೆ ಎಂದು ಕೇಳುತ್ತೇವೆ. ತರಬೇತಿಗೆ ಒಂದೇ ಶಾಲೆಯಿಂದ ಇಬ್ಬರು ಬರಬೇಕೆಂದು ಕೋರುತ್ತೇವೆ, ಏಕೆಂದರೆ ಒಬ್ಬರಿಗೆ ಮಾತ್ರ ಕಲಿಸಿದರೆ ಅವರ ವರ್ಗಾವಣೆಯ ಆದೇಶದೊಂದಿಗೆ ಇಡೀ ಹೂಡಿಕೆ ಆ ಶಾಲೆಯಿಂದ ಹೊರಟುಹೋಗುತ್ತದೆ. ಇಬ್ಬರಿದ್ದಾಗ ಇನ್ನೊಂದು ಲಾಭವೂ ಇದೆ: ಒಬ್ಬರು ಪ್ರಯೋಗ ಮಾಡಿಸುವಾಗ ಇನ್ನೊಬ್ಬರು ಹಿಂದೆ ಕುಳಿತು ಯಾವ ಮಗು ಏನು ಊಹಿಸಿತು ಎಂದು ಬರೆದುಕೊಳ್ಳಬಹುದು. ಆ ಟಿಪ್ಪಣಿಗಳು ನನ್ನ ವರದಿಗಳಿಗಿಂತ ಎಷ್ಟೋ ಹೆಚ್ಚಿನದನ್ನು ಹೇಳುತ್ತವೆ.

ಅಳೆಯುವ ಕೆಲಸವನ್ನೂ ಸಾಮಗ್ರಿ ತಲುಪುವ ಮೊದಲೇ ಶುರು ಮಾಡುತ್ತೇವೆ. ಆರಂಭದ ಸ್ಥಿತಿ ದಾಖಲಾಗಿರದಿದ್ದರೆ ವರ್ಷದ ಕೊನೆಯಲ್ಲಿ ಬಂದ ಅಂಕ ಯಾವುದರ ಫಲ ಎಂದು ಹೇಳಲು ಬರುವುದಿಲ್ಲ. ವ್ಯಾಖ್ಯೆ ಬರೆಯಿಸುವ ಪ್ರಶ್ನೆಗಳನ್ನು ನಾವು ಬಿಟ್ಟಿದ್ದೇವೆ. ಬಲ್ಬಿನ ಎರಡೂ ಬದಿಯ ಅಮ್ಮೀಟರ್‌ಗಳ ಚಿತ್ರ ಕೊಟ್ಟು ಯಾವುದರ ಮುಳ್ಳು ಹೆಚ್ಚು ತೋರಿಸುತ್ತದೆ, ಏಕೆ ಎಂದು ಕೇಳಿದರೆ ಮಗು ಬಾಯಿಪಾಠದ ಮೊರೆ ಹೋಗಲಾರದು. 1992ರಲ್ಲಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು ಬಲದ ಪರಿಕಲ್ಪನೆಯ ಬಗ್ಗೆ ರೂಪಿಸಿದ ಪ್ರಶ್ನಾವಳಿ, ಲೆಕ್ಕಗಳನ್ನು ಸರಿಯಾಗಿ ಬಿಡಿಸುವ ವಿದ್ಯಾರ್ಥಿಗಳೂ ಸರಳ ಪ್ರಶ್ನೆಗಳಲ್ಲಿ ಎಡವುತ್ತಾರೆ ಎಂಬುದನ್ನು ಭೌತಶಾಸ್ತ್ರದ ಅಧ್ಯಾಪಕರಿಗೆ ತೋರಿಸಿಕೊಟ್ಟಿತ್ತು. ಶಾಲಾ ಹಂತಕ್ಕೂ ಅಂಥ ಪ್ರಶ್ನೆಗಳೇ ಬೇಕು.

ಎಲ್ಲಕ್ಕಿಂತ ಕಷ್ಟದ ಮಾತು ಹೋಲಿಕೆಯ ಶಾಲೆಗಳದ್ದು. ಎಲ್ಲ ಶಾಲೆಗಳಿಗೂ ಒಮ್ಮೆಲೇ ಕೊಡುವಷ್ಟು ಹಣ ನಮ್ಮ ಬಳಿ ಇರುವುದಿಲ್ಲ. ಆದ್ದರಿಂದ ಅರ್ಹ ಶಾಲೆಗಳ ಪಟ್ಟಿ ಮಾಡಿ ಎಲ್ಲರ ಎದುರಿನಲ್ಲೇ ಚೀಟಿ ಎತ್ತಿ, ಅರ್ಧದಷ್ಟು ಶಾಲೆಗಳಿಗೆ ಈ ವರ್ಷ, ಉಳಿದವಕ್ಕೆ ಮುಂದಿನ ವರ್ಷ ಕೊಡುತ್ತೇವೆ. ಇದರಿಂದ ಶಿಫಾರಸಿಗೆ ಎಡೆಯಿಲ್ಲದಂತಾಗುತ್ತದೆ, ಜೊತೆಗೆ ನಂಬಬಹುದಾದ ಹೋಲಿಕೆಯೂ ಸಿಗುತ್ತದೆ. ಆದರೆ ‘ನಮ್ಮ ಮಕ್ಕಳು ಈ ವರ್ಷ ಏಳನೆಯ ತರಗತಿಯಲ್ಲಿದ್ದಾರೆ, ಮುಂದಿನ ವರ್ಷ ಶಾಲೆ ಬಿಟ್ಟು ಹೋಗುತ್ತಾರೆ’ ಎಂದು ಮುಖ್ಯ ಶಿಕ್ಷಕರೊಬ್ಬರು ಹೇಳಿದಾಗ ಸಂಶೋಧನೆಯ ವಿಧಾನವನ್ನು ವಿವರಿಸಿದರೆ ಅದು ಉತ್ತರವಾಗುವುದಿಲ್ಲ. ಅದಕ್ಕಾಗಿ ಕಾಯುವ ಶಾಲೆಗಳ ಕೊನೆಯ ತರಗತಿಯ ಮಕ್ಕಳಿಗೆ ಆ ವರ್ಷವೇ ಸೆಲ್, ಬಲ್ಬ್, ತಂತಿ, ಅಮ್ಮೀಟರ್ ಇರುವ ಒಂದು ಪೆಟ್ಟಿಗೆಯನ್ನು ಕೊಟ್ಟು, ಆ ತರಗತಿಯನ್ನು ಹೋಲಿಕೆಯಿಂದ ಹೊರಗಿಡುತ್ತೇವೆ. ಉಳಿದ ತರಗತಿಗಳ ಹಣವನ್ನು ಮೊದಲ ವರ್ಷವೇ ಆ ಶಾಲೆಯ ಹೆಸರಿನಲ್ಲಿ ಪ್ರತ್ಯೇಕವಾಗಿ ಎತ್ತಿಟ್ಟು, ಬಿಡುಗಡೆಯ ದಿನಾಂಕವನ್ನು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಡುತ್ತೇವೆ.