ನಾಲ್ಕು ತಿಂಗಳ ಅಡುಗೆಮನೆ

ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ತಿಂಗಳು, ತಿಂಗಳಿಗೊಂದು ಬಗೆಯ ಪದಾರ್ಥ ಬಿಡುವ ಚಾತುರ್ಮಾಸ್ಯ ವ್ರತವನ್ನು ನಾನು ಹಿಡಿದದ್ದು ಭಕ್ತಿ ಉಕ್ಕಿ ಬಂದು ಅಲ್ಲ, ಎರಡೆರಡು ಅಡುಗೆ ಮಾಡುವ ಬೇಜಾರಿಗೆ.

ಅತ್ತೆ ಮದುವೆಯಾಗಿ ಬಂದಾಗಿನಿಂದ ಈ ವ್ರತ ಮಾಡುತ್ತಿದ್ದವರು. ಆ ನಾಲ್ಕು ತಿಂಗಳು ಅವರ ಅಡುಗೆ ಬೇರೆ, ಪಾತ್ರೆ ಬೇರೆ. ನಮ್ಮ ಪಾಡಿಗೆ ನಾವು ಹುಳಿ, ಪಲ್ಯ ತಿಂದುಕೊಂಡು ಇರುತ್ತಿದ್ದೆವು. ಒಂದು ವರ್ಷ ಜ್ಯೇಷ್ಠದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. "ಈ ಸಲ ನನ್ನ ಅಡುಗೆ ನೀನೇ ಮಾಡಬೇಕಾಗುತ್ತಲ್ಲೇ" ಎಂದು ಅವರು ಸಂಕೋಚದಿಂದ ಕೇಳಿದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐದಕ್ಕೆ ಎದ್ದು ಮಡಿಯಲ್ಲಿ ಒಂದು ಅಡುಗೆ. ಆಮೇಲೆ ಇವರಿಗೂ ಮಗನಿಗೂ ಇನ್ನೊಂದು. ಒಂಬತ್ತಕ್ಕೆ ಬಸ್ಸು. ಆಗದ ಮಾತು.

"ನಾನೂ ನಿಮ್ಮ ಅಡುಗೇನೇ ತಿಂತೀನಿ ಬಿಡಿ ಅತ್ತೆ. ಎಲ್ಲರಿಗೂ ಒಂದೇ" ಎಂದೆ.

"ಹೇಗೂ ತಿನ್ನೋದು ತಿಂತೀಯ, ಸಂಕಲ್ಪ ಮಾಡಿಕೊಂಡು ತಿನ್ನು. ಸುಮ್ನೆ ಪುಣ್ಯ ಯಾಕೆ ಬಿಡ್ತೀಯ?" ಎಂದರು.

ಹಾಗೆ ಶುರುವಾಯಿತು. ಆಷಾಢ ಶುದ್ಧ ಏಕಾದಶಿ, ಅಂದರೆ ಪ್ರಥಮ ಏಕಾದಶಿಯ ದಿನ ಮಠಕ್ಕೆ ಹೋದೆವು. ಅವತ್ತು ತಪ್ತಮುದ್ರಾಧಾರಣೆ. ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆಯನ್ನು ಸ್ವಾಮಿಗಳು ಮೈಮೇಲೆ ಒತ್ತುತ್ತಾರೆ. ಸಾಲು ಬೀದಿಯವರೆಗೂ ಇತ್ತು. ಮುಂದಿದ್ದ ಒಂದು ಮಗು ಮುದ್ರೆ ಹಾಕಿಸಿಕೊಳ್ಳುವಾಗ ಜೋರಾಗಿ ಅತ್ತು, ಎರಡು ನಿಮಿಷ ಬಿಟ್ಟು ಅದೇ ಗುರುತನ್ನು ಎಲ್ಲರಿಗೂ ತೋರಿಸುತ್ತಾ ಓಡಾಡಿತು. ಅತ್ತೆ ಪ್ಲಾಸ್ಟರ್ ಇಲ್ಲದ ಜಾಗ ಹುಡುಕಿ ತೋರಿಸಿದರು. ಅವತ್ತಿನಿಂದ ದೇವರು ಯೋಗನಿದ್ರೆಗೆ ಹೋಗುತ್ತಾನೆ. ಏಳುವುದು ಕಾರ್ತಿಕದ ಉತ್ಥಾನ ದ್ವಾದಶಿಗೆ. ಮನೆಯ ಯಜಮಾನ ಮಲಗಿರುವಾಗ ಮನೆಯವರು ದನಿ ತಗ್ಗಿಸಿ ಓಡಾಡುತ್ತಾರಲ್ಲ, ಹಾಗೆ ಈ ನಾಲ್ಕು ತಿಂಗಳು ನಮ್ಮ ನಾಲಿಗೆಯೂ ಸ್ವಲ್ಪ ದನಿ ತಗ್ಗಿಸಬೇಕು. ಇದು ಅತ್ತೆಯ ವಿವರಣೆ. ನನಗೆ ಇಷ್ಟವಾಯಿತು.

ನಿಯಮ ಹೇಳಲು ಒಂದೇ ಶ್ಲೋಕ ಸಾಕು. ಶ್ರಾವಣದಲ್ಲಿ ಶಾಕ, ಭಾದ್ರಪದದಲ್ಲಿ ಮೊಸರು, ಆಶ್ವಯುಜದಲ್ಲಿ ಹಾಲು, ಕಾರ್ತಿಕದಲ್ಲಿ ದ್ವಿದಳ ಬಿಡಬೇಕು. ತಿಂಗಳ ಲೆಕ್ಕ ಏಕಾದಶಿಯಿಂದ ಮುಂದಿನ ದಶಮಿಯವರೆಗೆ, ಹಾಗಾಗಿ ಶ್ರಾವಣದ ಲೆಕ್ಕ ಆಷಾಢದ ಏಕಾದಶಿಗೇ ಶುರು. ಯಾವುದು ಆಗುತ್ತೆ, ಯಾವುದು ಆಗಲ್ಲ ಅನ್ನುವ ಪಟ್ಟಿ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಸ್ವಲ್ಪ ಬೇರೆ. ನಾನು ಹೇಳುತ್ತಿರುವುದು ನಮ್ಮ ಅತ್ತೆಯ ಪಟ್ಟಿ.

ಶಾಕ ಅಂದರೆ ಬರೀ ಸೊಪ್ಪು ಅಂದುಕೊಂಡಿದ್ದೆ. ಅಲ್ಲವಂತೆ. ಬೇರು, ಎಲೆ, ಚಿಗುರು, ಕಾಯಿ, ದಂಟು, ಹೂವು, ತೊಗಟೆ ಎಲ್ಲವೂ ಶಾಕವೇ. ಮೆಣಸಿನಕಾಯಿ ಇಲ್ಲ, ಹುಣಸೆಹಣ್ಣು ಇಲ್ಲ, ತೆಂಗಿನಕಾಯಿ ಇಲ್ಲ. ಕರಿಬೇವು, ಕೊತ್ತಂಬರಿ ಸೊಪ್ಪು ಇಲ್ಲ. ಹಣ್ಣಿನಲ್ಲಿ ಮಾವು ಒಂದಕ್ಕೆ ಮಾತ್ರ ರಿಯಾಯಿತಿ. ಮಾವಿನಹಣ್ಣನ್ನು ಬಿಡಿ ಎಂದು ಹೇಳುವ ಧೈರ್ಯ ನಿಯಮ ಮಾಡಿದವರಿಗೂ ಬರಲಿಲ್ಲವೇನೋ! ಮೊದಲ ದಿನ ಅಡುಗೆಮನೆಯಲ್ಲಿ ನಿಂತು ಹತ್ತು ನಿಮಿಷ ಏನೂ ತೋಚಲಿಲ್ಲ. ಹದಿನೈದು ವರ್ಷ ಅಡುಗೆ ಮಾಡಿದ ಕೈ. ಅದು ತಾನಾಗಿ ಕರಿಬೇವಿನ ಡಬ್ಬಿ ಕಡೆ ಹೋಗುತ್ತಿತ್ತು, ನಾನು ಹಿಂದಕ್ಕೆ ಎಳೆಯುತ್ತಿದ್ದೆ.

ಅತ್ತೆ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಟ್ಟರು. ಹೆಸರುಬೇಳೆ ಬೇಯಿಸು. ಮೆಣಸು, ಜೀರಿಗೆ ಬೆಚ್ಚಗೆ ಹುರಿದು ಕುಟ್ಟು, ಮಿಕ್ಸಿ ಬೇಡ. ಹುಳಿಗೆ ಒಣಗಿಸಿದ ಮಾವಿನಕಾಯಿ ಎರಡು ಚೂರು ಹಾಕು. ತುಪ್ಪದಲ್ಲಿ ಜೀರಿಗೆ ಒಗ್ಗರಣೆ ಕೊಡು. ಸಾರು ಅಷ್ಟೇ. ಜೊತೆಗೆ ಮೆಣಸು ಹಾಕಿದ ಉದ್ದಿನ ವಡೆ, ಮೊಸರು.

"ಮೆಣಸೂ ಒಂದು ಕಾಯೇ ಅಲ್ವಾ ಅತ್ತೆ? ಅದು ಹೇಗೆ ಆಗುತ್ತೆ?" ಎಂದು ಕೇಳಿದೆ.

"ಸಾರು ಉಕ್ತಾ ಇದೆ, ನೋಡು" ಎಂದರು.

ರುಚಿ ನೋಡಲು ಸೌಟು ಅಂಗೈ ಹತ್ತಿರ ತಂದೆ. "ಏಯ್" ಎಂದರು. ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಮೊದಲ ರುಚಿ ದೇವರದು. ಇದು ವ್ರತದ ನಿಯಮವಲ್ಲ, ವರ್ಷವಿಡೀ ಇರುವ ನಿಯಮ. ಆದರೆ ನಾನು ಆಫೀಸಿನ ಅವಸರದಲ್ಲಿ ಎಂದೋ ಬಿಟ್ಟಿದ್ದೆ. ರುಚಿ ನೋಡದೆ ಉಪ್ಪು ಹಾಕುವುದು ಹೇಗೆ? ಕೈಯಲ್ಲಿ ಹಿಡಿದಾಗ ಎಷ್ಟು ಭಾರ ಇದೆ, ಸಾರಿನ ಪಾತ್ರೆ ಎಷ್ಟು ತುಂಬಿದೆ, ಉಪ್ಪು ಬಿದ್ದಮೇಲೆ ಏಳುವ ವಾಸನೆ ಹೇಗೆ ಬದಲಾಯಿತು, ಇಷ್ಟನ್ನೇ ನೋಡಬೇಕು. ಉಪ್ಪು ಬಿದ್ದ ಸಾರಿನ ವಾಸನೆ ಬೇರೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿತ್ತಾ?

ಆ ಸಾರು ಬಾಯಿಗೆ ಹೋದಾಗ ಮೊದಲು ಅನಿಸಿದ್ದು, ಇದರಲ್ಲಿ ಏನೋ ಇಲ್ಲ ಎಂದು. ಐದಾರು ದಿನ ಹಾಗೇ ಅನಿಸಿತು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಹೆಸರುಬೇಳೆ ಸಿಹಿ ಎಂದು ತಿಳಿಯಿತು. ಸಕ್ಕರೆಯ ಸಿಹಿಯಲ್ಲ, ಅಗಿದು ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಸಿಹಿ. ಮೆಣಸಿನ ಖಾರ ಬೇರೆ ಥರ. ಮೆಣಸಿನಕಾಯಿ ನಾಲಿಗೆ ತುದಿಯಲ್ಲೇ ಜಗಳ ತೆಗೆಯುತ್ತದೆ. ಮೆಣಸು ಸುಮ್ಮನಿದ್ದು, ಗಂಟಲಿಗೆ ಇಳಿದ ಮೇಲೆ ಬೆಚ್ಚಗಾಗುತ್ತದೆ. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೆ ಮುಂಚೆ ನಮ್ಮವರ ಖಾರ ಹೆಚ್ಚಾಗಿ ಮೆಣಸಿನದೇ. ಅಂದರೆ ನಾನು ಸ್ಟೀಲ್ ತಟ್ಟೆಯಲ್ಲಿ ಉಣ್ಣುತ್ತಿದ್ದದ್ದು ಹೆಚ್ಚುಕಡಿಮೆ ಐನೂರು ವರ್ಷ ಹಿಂದಿನ ಖಾರ. ಗಂಡನಿಗೆ ಹೇಳಿದೆ. "ಅದಕ್ಕೇ ಇರಬೇಕು, ಅನ್ನ ಸ್ವಲ್ಪ ತಣ್ಣಗಾಗಿದೆ" ಎಂದರು.

ತರಕಾರಿಯ ತಳ್ಳುಗಾಡಿಯವರು ಎರಡು ವಾರ ನೋಡಿ, "ಊರಲ್ಲಿರ್ಲಿಲ್ವಾ ಅಮ್ಮಾ?" ಎಂದು ಕೇಳಿದರು. ವ್ರತ ಎಂದೆ. "ಹಂಗೆ ಹೇಳಿ ಮತ್ತೆ. ನಮ್ಮನೇಲೂ ಶ್ರಾವಣ ಪೂರ್ತಿ ಮಾಂಸ ಮುಟ್ಟಲ್ಲ" ಎಂದರು. ಬಿಡುವ ವಸ್ತು ಬೇರೆ, ಬಿಡುವ ತಿಂಗಳು ಒಂದೇ. ಅವತ್ತಿನಿಂದ ದಿನಾ ಗಾಡಿ ನಮ್ಮ ಮನೆ ಮುಂದೆ ಬಂದಾಗ ಅವರು ಕೂಗುವುದನ್ನು ಮಾತ್ರ ನಿಲ್ಲಿಸುತ್ತಿದ್ದರು. ಪಕ್ಕದ ಮನೆ ದಾಟಿದ ಮೇಲೆ ಮತ್ತೆ "ಬೀನ್ಸೂ, ಕ್ಯಾರೆಟ್ಟೂ" ಶುರು.

ಈ ವ್ರತಕ್ಕೆ ವೈಜ್ಞಾನಿಕ ಕಾರಣ ಕೊಡುವವರು ಬಹಳ. ಮಳೆಗಾಲದಲ್ಲಿ ಸೊಪ್ಪಿಗೆ ಹುಳ ಜಾಸ್ತಿ, ಜೀರ್ಣಶಕ್ತಿ ಕಡಿಮೆ, ಹೀಗೆ. ಇರಬಹುದು. ಆದರೆ ನನಗೆ ಆ ಮಾತು ಸೇರುವುದಿಲ್ಲ. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಡಾಕ್ಟರ್ ಚೀಟಿ ಅಂಟಿಸಿದ ಹಾಗೆ. ಅತ್ತೆ ಅಂಥ ಕಾರಣ ಯಾವತ್ತೂ ಹೇಳಲಿಲ್ಲ. "ನಾವು ಏನು ತಿಂದರೂ ಒಳಗೆ ಕೂತು ಪಚನ ಮಾಡೋನು ಅವನೇ ತಾನೇ, ಅವನಿಗೋಸ್ಕರ ಒಂದು ತಿಂಗಳು ಬಿಟ್ಟರೆ ಏನಾಗುತ್ತೆ?" ಎನ್ನುತ್ತಿದ್ದರು. ಗೀತೆಯ ಹದಿನೈದನೇ ಅಧ್ಯಾಯದಲ್ಲಿ ಕೃಷ್ಣ ಹೇಳುವ ಮಾತು ಅದು. ವೈಶ್ವಾನರನೆಂಬ ಹೊಟ್ಟೆಯ ಬೆಂಕಿಯಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ನಾನೇ ಪಚನ ಮಾಡುತ್ತೇನೆ ಎನ್ನುತ್ತಾನೆ. ಅಗಿಯುವುದು, ನುಂಗುವುದು, ನೆಕ್ಕುವುದು, ಚೀಪುವುದು, ಇವು ಆ ನಾಲ್ಕು. ಚೀಪುವುದನ್ನೂ ಬಿಡದೆ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ನೋಡಿ. ಮಾವಿನ ವಾಟೆ ಚೀಪಿ ಮೊಣಕೈವರೆಗೆ ರಸ ಇಳಿಸಿಕೊಂಡವರೇ ಮಾಡಿದ ಲೆಕ್ಕ ಇದು, ಅನುಮಾನವಿಲ್ಲ.

ನಾನು ಒಮ್ಮೆ ಎಡವಿದೆ. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ಮಾತಾಡುತ್ತಾ ಅರ್ಧ ತಟ್ಟೆ ಉಪ್ಪಿಟ್ಟು ತಿಂದಾದ ಮೇಲೆ ಹಲ್ಲಿಗೆ ಕರಿಬೇವು ಸಿಕ್ಕಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಉಪ್ಪಿಟ್ಟು ಚೆನ್ನಾಗಿತ್ತಾ?" ಎಂದು ಕೇಳಿದರು! ಆಮೇಲೆ ಹೇಳಿದರು, ವ್ರತ ಒಪ್ಪಿಸುವ ಮಂತ್ರದಲ್ಲೇ ಇದಕ್ಕೆ ಜಾಗ ಇದೆ ಎಂದು. ನಾನು ಮಾಡಿದ್ದರಲ್ಲಿ ಏನು ಕಡಿಮೆಯಾಗಿದೆಯೋ ಅದು ನಿನ್ನ ಪ್ರಸಾದದಿಂದ ಪೂರ್ತಿಯಾಗಲಿ ಎಂದು ಕೊನೆಗೆ ಕೇಳಿಕೊಳ್ಳುತ್ತಾರೆ. ನಾವು ತಪ್ಪುತ್ತೇವೆ ಅಂತ ಮೊದಲೇ ಗೊತ್ತಿದ್ದು ಬರೆದ ಹಾಗಿದೆ.

ಶ್ರಾವಣ ಶುದ್ಧ ದ್ವಾದಶಿ ಬಂತು. ಹಿಂದಿನ ದಿನ ಏಕಾದಶಿಯ ನಿಟ್ಟುಪವಾಸ. ಬಿಟ್ಟ ಪದಾರ್ಥವನ್ನು ಮೊದಲು ದಾನ ಕೊಟ್ಟು ಆಮೇಲೆ ನಾವು ತಿನ್ನಬೇಕು. ಕುಂಬಳಕಾಯಿ, ಬಾಳೆಕಾಯಿ, ಸೌತೆಕಾಯಿ ಕೊಟ್ಟೆವು. ಪಾರಣೆಗೆ, ಅಂದರೆ ಉಪವಾಸ ಬಿಡುವ ಊಟಕ್ಕೆ, ಅಗಸೆ ಸೊಪ್ಪಿನ ಪಲ್ಯ. ಕಾಯಿತುರಿ ಹಾಕಿ, ಕರಿಬೇವಿನ ಒಗ್ಗರಣೆ ಕೊಟ್ಟಾಗ ಎದ್ದ ಆ ಸದ್ದು! ಮಗ ನಿದ್ದೆಯಿಂದ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ನನ್ನ ಕಣ್ಣಲ್ಲಿ ನೀರು ಬಂತು. ಒಗ್ಗರಣೆ ಘಾಟಿಗೆ ಅಂತ ಅವನಿಗೆ ಹೇಳಿದೆ.

ಅವತ್ತು ನನಗೆ ಕಾಶಿ ನೆನಪಾಯಿತು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರುತ್ತಾರೆ, ಜೀವನಪೂರ್ತಿ. ಎಷ್ಟೋ ಜನ ಜಾಣತನದಿಂದ ಹಾಗಲಕಾಯಿ ಬಿಟ್ಟು ಬಂದದ್ದನ್ನು ನಾನು ಕೇಳಿದ್ದೇನೆ. ಚಾತುರ್ಮಾಸ್ಯದಲ್ಲಿ ಆ ಜಾಣತನ ನಡೆಯುವುದಿಲ್ಲ. ಏನು ಬಿಡಬೇಕು ಅಂತ ಅವರೇ ಹೇಳುತ್ತಾರೆ. ಆದರೆ ಬಿಟ್ಟದ್ದನ್ನು ಒಂದು ತಿಂಗಳಾದ ಮೇಲೆ ವಾಪಸ್ ಕೊಡುತ್ತಾರೆ. ಅದೂ ನಾವು ಕೊಟ್ಟ ಹಾಗೇ ಅಲ್ಲ. ಕೊಟ್ಟಾಗ ಅದು ಬರೀ ಕರಿಬೇವು, ತಟ್ಟೆಯ ಅಂಚಿಗೆ ಎತ್ತಿಡುವ ಎಲೆ. ವಾಪಸ್ ಬಂದಾಗ ಒಂದೊಂದನ್ನೂ ಅಗಿದು ತಿಂದೆ.

ಮೊಸರಿನ ತಿಂಗಳು ಸುಲಭ. ಬೆಣ್ಣೆ ತೆಗೆದ ಮಜ್ಜಿಗೆಗೆ ಅಡ್ಡಿಯಿಲ್ಲ. ಒಂದೇ ತಮಾಷೆ ಎಂದರೆ ಕೃಷ್ಣಾಷ್ಟಮಿ ಬರುವುದು ಇದೇ ತಿಂಗಳಲ್ಲಿ. ಮೊಸರಿನ ಗಡಿಗೆ ಒಡೆದವನ ಹುಟ್ಟುಹಬ್ಬಕ್ಕೆ ಮನೆಯಲ್ಲಿ ಮೊಸರಿಲ್ಲ. ಬೆಲ್ಲದ ಅವಲಕ್ಕಿ, ಬೆಣ್ಣೆ ಇಟ್ಟೆವು. "ಅವನು ಪಕ್ಕದ ಮನೇಲಿ ಕದ್ದುಕೊಳ್ತಾನೆ ಬಿಡು, ಅಭ್ಯಾಸ ಇದೆ" ಎಂದರು ಅತ್ತೆ.

ಹಾಲಿನ ತಿಂಗಳ ಬಗ್ಗೆ ಜಾಸ್ತಿ ಹೇಳಲು ಮನಸ್ಸಿಲ್ಲ. ಕಾಫಿ ಕುಡಿಯುವವರಿಗೆ ಅರ್ಥವಾಗುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಒಂದೊಂದೇ ಹನಿ ಇಳಿಯುತ್ತದೆ, ಅದಕ್ಕೆ ಸೇರಬೇಕಾದದ್ದು ಮನೆಯಲ್ಲಿಲ್ಲ. ಮೊದಲ ವಾರ ತಲೆನೋವು, ಎರಡನೇ ವಾರ ಕೋಪ. ಕರೀ ಕಾಫಿಗೆ ಬೆಲ್ಲ ಹಾಕಿ ಕುಡಿದು ನೋಡಿದೆ, ಕಷಾಯ. ಭಕ್ತಿಯ ಅಳತೆ ಎಷ್ಟಿದೆ ಅಂತ ಗೊತ್ತಾಗಬೇಕಾದರೆ ಬೆಳಿಗ್ಗೆ ಆರೂವರೆಗೆ ಈ ಲೋಟ ಹಿಡಿದು ಕೂರಬೇಕು. ಆದರೂ ಒಂದು ಮಾತು. ನವರಾತ್ರಿಯಲ್ಲಿ ಕಾಯಿಹಾಲಿನ ಪಾಯಸ ಮಾಡಿದೆ. ಹಾಲಿನ ಪಾಯಸವೇ ಆಗಿದ್ದರೆ ಎರಡು ಸೌಟು ತಿಂದು ಏಳುತ್ತಿದ್ದ ಮಗ, ಪಾತ್ರೆ ಕೆರೆದ.

ನಾಲ್ಕನೆಯದು ದ್ವಿದಳ. ಬೇಳೆ, ಕಾಳು ಇಲ್ಲ. ಓಹೋ ಅಷ್ಟೇನಾ ಅನಿಸುತ್ತದೆ. ನಮ್ಮ ಅಡುಗೆಯಲ್ಲಿ ಬೇಳೆ ಎಲ್ಲೆಲ್ಲಿ ಅಡಗಿ ಕೂತಿದೆ ಅಂತ ಆಗಲೇ ತಿಳಿಯುವುದು. ಹುಳಿ ಹೋಯಿತು, ಸಾರು ಹೋಯಿತು. ಉದ್ದು ಇರುವುದರಿಂದ ಇಡ್ಲಿ, ದೋಸೆ ಹೋದವು. ಚಿತ್ರಾನ್ನದ ಒಗ್ಗರಣೆಯಿಂದ ಕಡಲೆಬೇಳೆ ಹೋಯಿತು. ಸಾಲದ್ದಕ್ಕೆ ಈ ತಿಂಗಳಲ್ಲೇ ದೀಪಾವಳಿ. ಬೇಳೆ ಹೋಳಿಗೆ ಇಲ್ಲದ ದೀಪಾವಳಿ! ಕಾಯಿ ಹೋಳಿಗೆ ಮಾಡಿದೆ. ಅತ್ತೆಯ ಪ್ಲಾಸ್ಟರ್ ಅಷ್ಟರಲ್ಲಿ ಬಿಚ್ಚಿಯಾಗಿತ್ತು. ಅವರು ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಎರಡು ಹೋಳಿಗೆ ತಟ್ಟಿದರು. ಒಂದು ಹರಿಯಿತು. ಹರಿದದ್ದನ್ನು ನನಗೆ ಕೊಟ್ಟರು.

ಉತ್ಥಾನ ದ್ವಾದಶಿ ಬೆಳಿಗ್ಗೆ ನಾಲ್ಕಕ್ಕೇ ಎದ್ದೆ. ತೊಗರಿಬೇಳೆ ನೆನೆ ಹಾಕಿಯೇ ಮಲಗಿದ್ದೆ. ಪಾರಣೆಯ ಹೊತ್ತು ಸೂರ್ಯ ಹುಟ್ಟಿದ ಕೂಡಲೇ ಇತ್ತು. ಬೇಳೆ ಬೆಂದ ವಾಸನೆ ಮನೆ ತುಂಬಿತು. ಒಂದು ತಿಂಗಳಿಂದ ಆ ವಾಸನೆ ಇರಲಿಲ್ಲ ಎಂಬುದು ಅದು ಬಂದ ಮೇಲೇ ಗೊತ್ತಾಯಿತು. ದಾನಕ್ಕೆ ಬೇಳೆ, ಕಾಳು ಬೇರೆ ಎತ್ತಿಟ್ಟಾಗಿತ್ತು. ಸಂಜೆಯ ತುಳಸಿ ಪೂಜೆಗೆ ನೆಲ್ಲಿಕೊಂಬೆಯೂ ಬಂದಿತ್ತು. ಹುಳಿಗೆ ಉಪ್ಪು ಹಾಕುವಾಗ ಕೈ ಸ್ವಲ್ಪ ನಡುಗಿತು. ಖುಷಿಗೋ, ಹಸಿವಿಗೋ.

ದೇವರನ್ನು ಎಬ್ಬಿಸಿ, ನೈವೇದ್ಯ ಮಾಡಿ, ಎಲೆ ಹಾಕಿದೆವು. ಅತ್ತೆ ಬಲಗೈಯಲ್ಲೇ ಕಲಸಿದರು. ನಿಧಾನವಾಗಿ, ಆದರೆ ಬಲಗೈಯಲ್ಲೇ. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾಲ್ಕು ತಿಂಗಳು ನನ್ನ ಅಡುಗೆಗೆ ಒಂದು ಮಾತೂ ಆಡದವರು ಕಣ್ಣು ತೆರೆದು ಹೇಳಿದರು.

"ಉಪ್ಪು ಒಂದು ಕಲ್ಲು ಜಾಸ್ತಿ ಆಯ್ತು ಕಣೇ."

"ಮೊದಲು ತಿಂದವನು ಏನೂ ಹೇಳಲಿಲ್ವಲ್ಲ ಅತ್ತೆ?"

"ಪಾಪ, ನಾಲ್ಕು ತಿಂಗಳು ಮಲಗಿ ಈಗ ತಾನೇ ಎದ್ದಿದ್ದಾನೆ. ಇನ್ನೂ ನಿದ್ದೆಗಣ್ಣು, ಅವನಿಗೇನು ಗೊತ್ತಾಗುತ್ತೆ" ಎಂದರು. "ಇನ್ನೊಂದು ಸೌಟು ಹಾಕು."